ಹದ ಆರದ ಹೊಗೆಸೊಪ್ಪು

ಹರದನಹಳ್ಳಿ
12-11-1994

ಅಮ್ಮನಿಗೆ,

ಹಾಸ್ಟೆಲ್‌ನಿಂದ ಬೆಳಿಗ್ಗೆಯೇ ತಾತನ ಮನೆಗೆ ಬಂದೆ. ಬೈಯಬೇಡ, ನಾನೇ ಹೇಳಿಬಿಡುತ್ತೇನೆ, ಇವತ್ತು ಅಪ್ಪನ ಪೈಪ್ ಸೇದಿದೆ.

ತಾತ ಅಟ್ಟದಿಂದ ಹೊಗೆಸೊಪ್ಪಿನ ಡಬ್ಬಿ ಇಳಿಸಿ, "ಬ್ಯಾರೆ ಏನೂ ಬೆರಸಿಲ್ಲ, ಬರೀ ವರ್ಜೀನಿಯಾ. ನಿಮ್ಮಪ್ಪ ಇದನ್ನೇ ಸೇದ್ತಿದ್ದುದು. ಮೆತ್ತಗೆ ಎಳಿ ಕಣ್ಲಾ, ಬೀಡಿಯಲ್ಲ" ಎಂದರು. ಒಣಹುಲ್ಲಿನ ವಾಸನೆ, ಬೆಲ್ಲದಂಥ ಸಿಹಿ. ಭಯಕ್ಕೆ ಜೋರಾಗಿ ಎಳೆದು ನಾಲಿಗೆ ಸುಟ್ಟುಕೊಂಡೆ.

ಡಬ್ಬಿಯೊಳಗಿನ ಸೊಪ್ಪು ಇನ್ನೂ ಮೆತ್ತಗಿತ್ತು. ತಾತ, ನೀವು ಬೆಳೆಯುವ ಸೊಪ್ಪೇ ಬೇಸಿಗೆಯಲ್ಲಿ ಪುಡಿಯಾಗುತ್ತದೆ, ಅಪ್ಪನ ಕಾಲದ, ಹದಿಮೂರು ವರ್ಷದ ಹಳೆಯದು ಹೇಗೆ ಹೀಗಿದೆ ಎಂದು ಕೇಳಿದೆ. ಸೊಪ್ಪಿನ ವಿಷಯದಲ್ಲಿ ತಾತ ಸುಮ್ಮನಿರುವವರಲ್ಲ.

"ಹಳೇದಾ? ಈ ಉಗಾದೀಲಿ ನಿಮ್ಮಪ್ಪನೇ ತಂದ್ಕೊಟ್ಟೋದ ಕಣ್ಲಾ."

ಒಳಗಿನಿಂದ ಅಜ್ಜಿ, "ಬಾಯ್ ಮುಚ್ಕಂಡು ಸೇದಕ್ಕಾಗಕಿಲ್ವಾ ನಿಮ್ಗೆ?" ಎಂದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಲಿಲ್ಲ.

ನನಗೆ ಐದು ವರ್ಷವಿದ್ದಾಗ ಅಪ್ಪ ಇಂಗ್ಲೆಂಡಿನಲ್ಲಿ ತೀರಿಕೊಂಡರು ಎಂದು ನೀನೇ ಹೇಳಿದ್ದೆ. ಹಾಸ್ಟೆಲ್‌ನಲ್ಲಿ ಪ್ರತಿ ರಾತ್ರಿ ಅವರ ಆತ್ಮಕ್ಕೆ ಪ್ರಾರ್ಥನೆ ಮಾಡುತ್ತಿದ್ದೇನೆ.

ಕಾಲೇಜಿನ ಫಾರಂನಲ್ಲಿ ಅವರ ಹೆಸರಿನ ಹಿಂದೆ 'ಲೇಟ್' ಎಂದು ಬರೆದುಕೊಟ್ಟಿದ್ದೇನೆ. ತಿದ್ದುವುದಿದ್ದರೆ ಬರುವ ಶನಿವಾರ ಕೊನೆ ಎಂದು ಕ್ಲರ್ಕ್ ಹೇಳಿದ್ದಾರೆ. ಅಪ್ಪ ಯಾಕೆ ಬಂದಿದ್ದರು, ನನ್ನ ಬಗ್ಗೆ ಕೇಳಿದರಾ ಎಂದು ಈಗ ಕೇಳುವುದಿಲ್ಲ. ಆ ಒಂದು ಪದವನ್ನು ಹೊಡೆದುಹಾಕಬೇಕೋ ಬೇಡವೋ, ಅಷ್ಟನ್ನು ಮಾತ್ರ ಕಾರ್ಡಿನಲ್ಲಿ ಬರೆದು, ಶುಕ್ರವಾರದೊಳಗೆ ತಲುಪುವಂತೆ ಹಾಸ್ಟೆಲ್‌ಗೆ ಹಾಕು.

ನಿನ್ನ ಮಗ,
ಡೇವಿಡ್