ನಾನು ಸಟ್ಟಾ ಏಜೆಂಟಲ್ಲ, ಅವರ ಹೆಂಡತಿ

ಟೆಸ್ಟ್ ಮೈದಾನದ ಭದ್ರತಾ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಣ್ಣು ಕಾಣದ ಗಂಡನ ಕಿವಿಯಲ್ಲಿ ಹೆಂಡತಿ ಕನ್ನಡ ಮಾತಾಡಿದರೆ ಅದು ಯಾವ ಕಾನೂನಿನ ಪ್ರಕಾರ ಅಪರಾಧ ಎಂಬುದನ್ನು ತಾವು ದಯಮಾಡಿ ತಿಳಿಸಬೇಕು. ಕಳೆದ ಟೆಸ್ಟ್ ಪಂದ್ಯದ ಮೂರನೆಯ ದಿನ ತಮ್ಮ ಸಿಬ್ಬಂದಿ ನನ್ನನ್ನೂ ನನ್ನ ಗಂಡ ಗುರುಪಾದ ಅವರನ್ನೂ ಸ್ಟ್ಯಾಂಡಿನಿಂದ ಎಬ್ಬಿಸಿ, ಅದರ ಕೆಳಗಿನ ಕೋಣೆಯೊಂದರಲ್ಲಿ ಕೂರಿಸಿ, ನಾವು ಬಾಜಿ ಕಟ್ಟಿಸಿಕೊಳ್ಳುವ ಯಾವ ಸಟ್ಟಾ ಬುಕ್ಕಿಗೆ ಸುದ್ದಿ ಮುಟ್ಟಿಸುತ್ತಿದ್ದೇವೆ ಎಂದು ವಿಚಾರಿಸಿದರು. ಮೂವತ್ತು ವರ್ಷ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಸಂಧಿ ಸಮಾಸ ಕಲಿಸಿ ನಿವೃತ್ತಳಾದ ನನಗೆ ಇಂಥ ಸಾಹಸದ ವೃತ್ತಿಯನ್ನು ಅನುಗ್ರಹಿಸಿದ್ದಕ್ಕೆ ಮೊದಲು ಕೃತಜ್ಞತೆ. ದೂರು ಆಮೇಲೆ.

ಕ್ರಿಕೆಟ್ಟಿನ ಗಂಧಗಾಳಿ ನನಗಿಲ್ಲ. ಐದು ದಿನ ಆಡಿ ಯಾರೂ ಗೆಲ್ಲದೆ ಕೈಕುಲುಕಿ ಮನೆಗೆ ಹೋಗುವ ಕಾರ್ಯಕ್ರಮಕ್ಕೆ ಜನ ರಜೆ ಹಾಕಿ ಬರುತ್ತಾರೆಂಬುದೇ ನನಗೆ ಬಹಳ ಕಾಲ ನಂಬಲಾಗಿರಲಿಲ್ಲ. ಹುಚ್ಚು ನನ್ನ ಗಂಡನದು. ಅವರು ಪಾರ್ಲೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರು. ವಿಜಯಪುರದಿಂದ ಮುಂಬೈಗೆ ಬಂದ ಮೊದಲ ವರ್ಷವೇ ಟೆಸ್ಟ್ ನೋಡಿದವರು. ಉಳಿಸಿಟ್ಟ ರಜೆಯನ್ನೆಲ್ಲ ಚೆನ್ನೈ, ಕೋಲ್ಕತ್ತಾ, ಬೆಂಗಳೂರಿನ ಮೈದಾನಗಳಲ್ಲಿ ಕಳೆದವರು. ಗ್ಲಾಕೋಮಾ ಅವರ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬಂದು ಕೊನೆಗೆ ಪೂರ್ತಿ ನುಂಗಿತು. ಆದರೆ ಮೈದಾನಗಳ ಬಗ್ಗೆ ಅವರ ತೀರ್ಪು ಬದಲಾಗಲಿಲ್ಲ, ಕಾರಣಗಳು ಮಾತ್ರ ಬದಲಾದವು. ಚೆನ್ನೈನವರು ಎದುರಾಳಿಯ ಶತಕಕ್ಕೂ ಮನಸಾರೆ ಚಪ್ಪಾಳೆ ತಟ್ಟುತ್ತಾರೆ, ಅದು ಮರ್ಯಾದಸ್ಥರ ಮೈದಾನವಂತೆ. ಕೋಲ್ಕತ್ತಾದ ಗದ್ದಲ ಕಿವಿಗಲ್ಲ, ಎದೆಗೇ ಬಡಿಯುತ್ತದಂತೆ. ಬೆಂಗಳೂರಿನಲ್ಲಿ ಪಕ್ಕದವರು ಆಟಕ್ಕಿಂತ ಆಫೀಸಿನ ಮಾತೇ ಹೆಚ್ಚಾಗಿ ಆಡುತ್ತಾರಂತೆ. ಮೊದಲ ಸ್ಥಾನ ಮಾತ್ರ ತಮ್ಮ ಮೈದಾನಕ್ಕೆ. ಇಲ್ಲಿ ಮಧ್ಯಾಹ್ನ ಸಮುದ್ರದ ಗಾಳಿ ತಿರುಗಿದ್ದು ಮೈಗೆ ತಿಳಿಯುತ್ತದೆ, ಹಿಂದಿನ ಸಾಲಿನ ಮುದುಕರು ಬೌಲರನಿಗೆ ಮರಾಠಿಯಲ್ಲಿ ಬುದ್ಧಿ ಹೇಳುತ್ತಾರೆ, ಗದ್ದಲಕ್ಕೂ ಇಲ್ಲಿ ಒಂದು ಅರ್ಥವಿದೆ ಎನ್ನುತ್ತಾರೆ ಅವರು. ಇಂಥ ಅಭಿಮಾನಿಯನ್ನು ತಾವು ಹೇಗೆ ಬರಮಾಡಿಕೊಂಡಿರೆಂದು ನೋಡೋಣ.

ಪ್ರತಿ ಸಲ ಅವರ ಜೊತೆ ಹೋಗುತ್ತಿದ್ದವರು ಹಳೆಯ ಸಹೋದ್ಯೋಗಿ ಚಂದ್ರಾಮ. ಈ ಸಲ ಚಂದ್ರಾಮ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಜೋಗೇಶ್ವರಿಯಲ್ಲಿ ಲೋಕಲ್ ರೈಲು ಹತ್ತಿಸಿ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಲೆಕ್ಕಾಚಾರ ಸರಳವಿತ್ತು: ಅವರು ಕಿವಿಗೆ ರೇಡಿಯೋ ಹಚ್ಚಿಕೊಂಡು ಕಾಮೆಂಟರಿ ಕೇಳುತ್ತಾರೆ, ನಾನು ಸ್ವೆಟರ್ ಹೆಣೆಯುತ್ತೇನೆ. ಗೇಟಿನಲ್ಲಿ ತಮ್ಮವರು ಹೆಣಿಗೆಯ ಕಡ್ಡಿಯನ್ನೂ ರೇಡಿಯೋವನ್ನೂ ಒಟ್ಟಿಗೇ ಕಿತ್ತುಕೊಂಡರು.

"ಇವರಿಗೆ ಕಣ್ಣು ಕಾಣುವುದಿಲ್ಲ, ರೇಡಿಯೋ ಇಲ್ಲದೆ ಆಟ ಹೇಗೆ ತಿಳಿಯಬೇಕು?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

ತಮ್ಮ ಕಾವಲುಗಾರ ನನ್ನ ಗಂಡನ ಬಿಳಿ ಕೋಲನ್ನು ಮೇಲಿಂದ ಕೆಳಗೆ ನೋಡಿ, "ದಿಖತಾ ನಹೀ, ತೋ ಆಯೇ ಕ್ಯೂಂ?" ಎಂದು, ಕಾಣದವರು ಬಂದದ್ದೇ ಏಕೆ ಎಂಬಂತೆ ಕೇಳಿದ.

"ಸುನ್ನೇ ಆಯಾ ಹೂಂ, ಭಾಯ್" ಎಂದು ಇವರು ಕಿವಿ ತೋರಿಸಿ ನಕ್ಕರು. ನನಗೆ ನಗು ಬರಲಿಲ್ಲ.

ಆಟ ಶುರುವಾಯಿತು. ಇವರು ನನ್ನ ಮೊಣಕೈ ತಟ್ಟಿದರು. "ಏನ್ ನಡದದ, ಹೇಳಲಾ?"

"ನನಗೇನ್ ತಿಳೀತದರೀ? ಒಬ್ಬಾಂವ ಓಡಿ ಬಂದ, ಒಗದ. ಇನ್ನೊಬ್ಬಾಂವ ಬ್ಯಾಟ್ ಎತ್ತಿ ಸುಮ್ನ ನಿಂತ. ಚೆಂಡು ಹಿಂದ ಹೋತು."

"ಬಿಟ್ಟಾನ. ಸ್ಟಂಪಿನ ಹೊರಗಿತ್ತು. ಮುಂದ?"

"ಮುಂದೇನ್ರಿ, ಚೆಂಡು ಪ್ಯಾಂಟಿಗೆ ತಿಕ್ಕಲಿಕ್ಕತ್ತಾನ. ಬಿಳೇ ಅರಿವಿ. ಪಾಪ, ಯಾರ್ ಒಗೀಬೇಕೋ ಏನೋ!"

ಪಕ್ಕದ ಸೀಟಿನಿಂದ ಜೋರು ನಗೆ ಕೇಳಿತು. ಅಲ್ಲಿದ್ದವರು ದಹಿಸರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಬೆಳಗಾವಿ ಕಡೆಯ ಶಂಕ್ರೆಪ್ಪ, ಜೊತೆಗೆ ಕಾಲೇಜು ಓದುವ ಮಗಳು ಶೀತಲ. "ಅಕ್ಕಾರ, ಟೀವಿಯವ್ರಕಿಂತ ನಿಮ್ಮ ಕಾಮೆಂಟ್ರಿ ಛಲೋ ಐತಿ ಬಿಡ್ರಿ" ಎಂದರು ಅವರು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ತಿರುಗುತ್ತಿರಲಿಲ್ಲ. "ಆಂಟಿ, ಔರ್ ಬೋಲೋ ನಾ!" ಎಂದು ಅವಳೂ ಹತ್ತಿರ ಸರಿದಳು.

ಊಟದ ಹೊತ್ತಿಗೆ ನನಗೇನೋ ಆಗಿಹೋಯಿತು. ಬ್ಯಾಟಿಗೆ ತೀರ ಹತ್ತಿರ ಹೆಲ್ಮೆಟ್ ಹಾಕಿ ಕುಕ್ಕರಗಾಲಲ್ಲಿ ಕೂತವನೊಬ್ಬ ಆ ಜಾಗದಿಂದ ಮೂರು ಹೆಜ್ಜೆ ಹಿಂದೆ ಸರಿದದ್ದನ್ನು ನಾನೇ ನೋಡಿ ಹೇಳಿದೆ. "ಹಂಗಾರ ಈಗ ಬೌನ್ಸರ್ ಒಗೀತಾನ" ಎಂದರು ಇವರು. ಚೆಂಡು ಬ್ಯಾಟ್ಸ್‌ಮನ್ನನ ಮೂಗಿನ ಮುಂದೆ ಹಾದುಹೋಯಿತು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಗೆ ಕಾಣುವುದು ನನಗೆ ಕಂಡಿರಲಿಲ್ಲ. ಆವತ್ತು ನನಗೆ ಕಂಡದ್ದು ಅವರಿಗೂ ಕಾಣುತ್ತಿತ್ತು. ನಮ್ಮ ತಂಡದ ಹೊಸ ಹುಡುಗನೊಬ್ಬ ಚೆನ್ನಾಗಿ ಆಡುತ್ತಿದ್ದ, ಶತಕದ ಹತ್ತಿರ ಬಂದಿದ್ದ. ಇವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ತಮ್ಮ ಸಿಬ್ಬಂದಿ ಬಂದದ್ದು ಆಗಲೇ.

"ಹರ್ ಬಾಲ್ ಪೇ ಕ್ಯಾ ಬೋಲ್ ರಹೀ ಹೋ? ಯೇ ಕೌನ್ಸೀ ಭಾಷಾ ಹೈ?"

ಪ್ರತಿ ಚೆಂಡಿಗೂ ಗಂಡನಿಗೆ ಆಟ ಹೇಳುತ್ತಿದ್ದೇನೆ, ಭಾಷೆ ಕನ್ನಡ ಎಂದೆ. ಆ ಉತ್ತರ ಅವರಿಗೆ ಸಂಕೇತಭಾಷೆಯಂತೆ ಕೇಳಿಸಿರಬೇಕು. ಶಂಕ್ರೆಪ್ಪ ಎದ್ದು ನಮ್ಮ ಪರ ಮಾತಾಡಿದರು. "ಆಪ್ ಭೀ ಇನ್ ಕೇ ಸಾಥ್ ಹೋ ಕ್ಯಾ?" ಎಂದು ತಮ್ಮವರು ಅವರನ್ನೂ ನಮ್ಮ ಜೊತೆ ಸೇರಿಸಿ ಕೇಳಿದ ಕೂಡಲೇ ಕೂತುಬಿಟ್ಟರು. "ಪಪ್ಪಾ, ಬೈಠ್ ಕ್ಯೂಂ ಗಯೇ?" ಎಂದು ಶೀತಲ ಎದ್ದಳು. ಗಾಬರಿಯಲ್ಲಿ ಆ ಹುಡುಗಿಯ ಹಿಂದಿ ಇಂಗ್ಲಿಷ್ ಎಲ್ಲ ಹಾರಿಹೋಗಿ, "ಅವರು... ಗಂಡಗ ಹೇಳ್ತಾರ, ಬಸ್, ಅಷ್ಟೇ" ಎಂದು ಕನ್ನಡದಲ್ಲೇ ಸಾಕ್ಷಿ ನುಡಿದಳು. ಅವಳೂ ಗ್ಯಾಂಗಿನವಳಿರಬೇಕೆಂದು ನಮ್ಮಿಬ್ಬರ ಜೊತೆ ಅವಳದೂ ಫೋಟೋ ತೆಗೆದುಕೊಂಡರು. ತಮ್ಮ ಇಲಾಖೆಯ ಜಾಗರೂಕತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಸ್ಟ್ಯಾಂಡಿನ ಕೆಳಗಿನ ಆ ಕೋಣೆಯಲ್ಲಿ ಒಂದು ಮೇಜು, ಒಬ್ಬ ಸಾಹೇಬ, ಗೋಡೆಯ ಮೇಲೆ ದನಿ ಅಡಗಿಸಿದ ಒಂದು ಟೀವಿ. ಬಾಗಿಲು ತೆರೆದಿತ್ತು, ಮೇಲಿನ ಗದ್ದಲ ಅಲ್ಲಿಂದ ಇಳಿದುಬರುತ್ತಿತ್ತು. ಸಾಹೇಬರು ಪ್ರಶ್ನೆ ಕೇಳುತ್ತಿರುವಾಗಲೇ ಮೇಲೆ ಏನೋ ಸದ್ದಾಯಿತು. ಇವರು ತಲೆ ಎತ್ತಿ, "ಫೋರ್" ಎಂದರು. ಕೆಲವು ಕ್ಷಣ ಬಿಟ್ಟು ಟೀವಿಯಲ್ಲಿ ಚೆಂಡು ಗೆರೆ ದಾಟಿತು. ಸ್ವಲ್ಪ ಹೊತ್ತಿಗೆ, "ಅಪೀಲ್ ಮಾಡಿದ್ರು, ಕೊಡಲಿಲ್ಲ" ಎಂದರು. ಟೀವಿಯಲ್ಲಿ ಆಮೇಲೆ ಅಂಪೈರ್ ತಲೆಯಾಡಿಸಿದ.

ಟೀವಿಗೆ ಚಿತ್ರ ತಡವಾಗಿ ಬರುತ್ತದೆ, ಗದ್ದಲ ನೇರವಾಗಿ ಬರುತ್ತದೆ. ನಾಲ್ಕನೇ ಇಯತ್ತೆಯ ಮಗುವಿಗೂ ಇಷ್ಟು ವಿವರಿಸಬಹುದು. ಸಾಹೇಬರು ಮಾತ್ರ ಕುರ್ಚಿ ಮುಂದಕ್ಕೆ ಎಳೆದು, "ಬಾಬಾ, ಆಪ್ ಕೋ ಪೆಹಲೇ ಸೇ ಕೈಸೇ ಮಾಲೂಮ್?" ಎಂದು, ಇವರಿಗೆ ಮೊದಲೇ ತಿಳಿದದ್ದು ಹೇಗೆಂದು ಕೇಳಿದರು.

"ಕಾನ್ ಸೇ."

"ಕಾನ್ ಮೇ ಕ್ಯಾ ಹೈ?"

ಹೀಗೆ ಕೇಳಿ, ಮಾನ್ಯರೇ, ತಮ್ಮ ಸಿಬ್ಬಂದಿ ಟಾರ್ಚ್ ತಂದು ನನ್ನ ಗಂಡನ ಎರಡೂ ಕಿವಿಗಳೊಳಗೆ ಬೆಳಕು ಬಿಟ್ಟು ನೋಡಿದರು. ಯಂತ್ರ ಅಡಗಿಸಿದ್ದಾರೋ ಎಂದು. ಇವರು ಅತ್ತಿತ್ತ ತಲೆ ವಾಲಿಸಿ ಸಹಕರಿಸಿದರು. ಆ ಒಂದು ಗಳಿಗೆಗೆ ನನ್ನಲ್ಲಿ ವ್ಯಂಗ್ಯ ಉಳಿದಿಲ್ಲ, ಕ್ಷಮಿಸಿ.

ಅಷ್ಟರಲ್ಲಿ ಹುಡುಗ ತೊಂಬತ್ತು ದಾಟಿದ್ದ. ಮೇಲಿನಿಂದ ಒಂದು ದೊಡ್ಡ ಕೂಗು ಎದ್ದಿತು, ಏರುತ್ತ ಹೋಯಿತು. ಸರಿಯಾಗಿ ಆಗಲೇ ತಮ್ಮವನೊಬ್ಬ ಚಹಾ ಹಿಡಿದು ಒಳಬಂದು ಕಾಲಿನಿಂದ ಬಾಗಿಲು ದಬ್ಬಿ ಮುಚ್ಚಿದ. ಇವರು ಮೇಜು ತಟ್ಟಿ, "ಸಿಕ್ಸ್! ಸೆಂಚುರಿ ಆತು!" ಎಂದು ಕೂಗಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ನಾವೆಲ್ಲ ಟೀವಿ ನೋಡಿದೆವು. ಚೆಂಡು ಎತ್ತರಕ್ಕೆ ಹೋಗಿ, ಗೆರೆಯ ಬಳಿ ನಿಂತವನ ಕೈಗೆ ಬಿತ್ತು. ಔಟ್.

ಸಾಹೇಬರು ಹಗುರಾಗಿ ನಕ್ಕರು. "ಗಲತ್! ಛೋಡೋ ಇನ್ ಕೋ." ಸರಿ ಹೇಳುವ ತನಕ ಅಪರಾಧಿ, ತಪ್ಪು ಹೇಳಿದೊಡನೆ ನಿರಪರಾಧಿ! ನ್ಯಾಯದಾನದ ಇಂಥ ಪದ್ಧತಿಯನ್ನು ತಾವು ಎಲ್ಲಿಂದ ತರಿಸಿದಿರಿ?

ಇವರು ಮತ್ತೆ ಸ್ಟ್ಯಾಂಡಿಗೆ ಹೋಗಲು ಒಪ್ಪಲಿಲ್ಲ. ಲೋಕಲ್‌ನಲ್ಲಿ ಬಾಂದ್ರಾ ದಾಟುವವರೆಗೂ ಮುಖವನ್ನು ಕಿಟಕಿಯತ್ತಲೇ ತಿರುಗಿಸಿ ಕೂತಿದ್ದರು. ಅವಮಾನದಿಂದ ಎಂದುಕೊಂಡು ನಾನು ತಮ್ಮ ಇಲಾಖೆಯನ್ನು ನನಗೆ ತಿಳಿದ ನಾಲ್ಕೂ ಭಾಷೆಗಳಲ್ಲಿ ಬೈದೆ.

"ಅದಲ್ಲ" ಎಂದರು. "ಕ್ಯಾಚ್ ಹಿಡದಾಗ ಮಂದಿ ಒಮ್ಮೆಲೇ ಸುಮ್ನಾಗಿರ್ತದ. ಅದು ನನಗ ತಿಳೀಲಿಲ್ಲ ನೋಡು."

"ಬಾಗಿಲಾ ಹಾಕಿದ್ರರೀ. ಅದಕ್ಕ ಕೇಳ್ಸಿಲ್ಲ."

"ಸಮಾಧಾನ ಮಾಡಬ್ಯಾಡ. ಕಣ್ಣು ಹೋಗೂಮುಂದೂ ನೀ ಹಿಂಗ ಅಂದಿದ್ದಿ, ಲೈಟ್ ಸಣ್ಣದದ ಅಂತ. ಕಿವೀನೂ ಹೊಂಟ್ವು."

ಮರುದಿನದ ಟಿಕೆಟ್ ಹಾಗೇ ಉಳಿಯಿತು. ಗೇಟಿನಲ್ಲಿ ಮರಳಿ ಸಿಕ್ಕ ರೇಡಿಯೋವನ್ನು ಆವತ್ತಿನಿಂದ ಅವರು ಹಾಕಿಲ್ಲ. ಕಿವಿಯ ಡಾಕ್ಟರರ ಬಳಿ ಬರುವುದಿಲ್ಲ, ಕಣ್ಣಿನ ಡಾಕ್ಟರರು ಹೇಳಿದ್ದು ಇನ್ನೂ ಮರೆತಿಲ್ಲವಂತೆ. ಕುಕ್ಕರಿನ ಸೀಟಿ ಕೇಳಿಸಿದರೂ, "ಈಗ ಕೂಗಿದ್ದು ನಮ್ಮದೇ ಏನು?" ಎಂದು ನನ್ನನ್ನು ಕೇಳಿ ಖಾತರಿ ಮಾಡಿಕೊಳ್ಳುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ಕಣ್ಣಿಲ್ಲದವರ ರೇಡಿಯೋವನ್ನು ಒಳಗೆ ಬಿಡಿ ಎಂದು ಕೇಳುತ್ತೇನೆ. ಅದಕ್ಕೆ ಸಮಿತಿ, ಸಭೆ, ಸುತ್ತೋಲೆ ಎಲ್ಲ ಬೇಕಾದೀತು, ನಿಧಾನವಾಗಿ ಮಾಡಿ. ಕ್ಷಮಾಪಣೆ ಪತ್ರ ಬೇಡ. ಎಷ್ಟು ದೊಡ್ಡ ಮೊಹರು ಒತ್ತಿ ಕಳಿಸಿದರೂ ಅದನ್ನು ಓದಿ ಹೇಳುವವಳು ನಾನೇ, ನಾನು ಸಮಾಧಾನಕ್ಕೆ ಸೇರಿಸಿ ಓದಿದೆನೆಂದೇ ಅವರು ತಿಳಿಯುತ್ತಾರೆ. ಚಹಾ ತಂದ ಆ ಮನುಷ್ಯನನ್ನು ಹುಡುಕಿ. ಅವನ ದನಿ ಇವರಿಗೆ ನೆನಪಿದೆ, "ಶಕ್ಕರ್ ಕಮ್ ಹೈ, ಸಾಬ್" ಎಂದಿದ್ದ. ಅವನ ಮೇಲೆ ಕ್ರಮವೇನೂ ಬೇಡ. ಅವನು ನಮ್ಮ ಮನೆಗೆ ಫೋನ್ ಮಾಡಿ, ನನ್ನ ಗಂಡನಿಗೆ ಒಂದೇ ಮಾತು ಹೇಳಲಿ: "ಬಾಬಾ, ಆ ಬಾಗಿಲು ನಾನೇ ಹಾಕಿದ್ದು."

ಇಂತಿ, ತಮ್ಮವರ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡು ಬಂದಿರುವ ಶಂಕಿತೆ,
ಶಿವಕುಮಾರಿ ಗುರುಪಾದ
ಜೋಗೇಶ್ವರಿ ಪೂರ್ವ, ಮುಂಬೈ