ಬೇಲಿಯ ಬುಡದ ಸಂದು

ಮಾರ್ಚ್ ೬, ಹಿಯರ್‌ಫರ್ಡ್. ಮೋಡದ ಮಧ್ಯಾಹ್ನ. ನೀನು ತೀರಿಕೊಂಡು ಐದು ತಿಂಗಳು. ನಿನ್ನ ಮನೆಗೆ ಹೊಸಬರು ಬಂದಿದ್ದಾರೆ.

ಆಲ್ಬನ್ ಅಣ್ಣ,

ನಮ್ಮಿಬ್ಬರ ಕೈತೋಟಗಳ ನಡುವಿನ ಯೂ ಗಿಡದ ಬೇಲಿ ನೋಡಲು ಇವತ್ತು ತೋಟಗಾರ ಟ್ರಾಂಟರ್ ಬಂದಿದ್ದ. ಮಂಡಿಯೂರಿ ಬುಡ ನೋಡಿದ.

"ಆ ಕಡೆಯವರು ಬುಡ ಅಗಲ, ನೆತ್ತಿ ಕಿರಿದು ಮಾಡಿ ಕತ್ತರಿಸಿದಾರೆ. ಈ ಕಡೆ ನೆತ್ತಿನೇ ಮುಂದಕ್ಕೆ ಬಾಗಿದೆ, ಬುಡಕ್ಕೆ ಬೆಳಕೇ ಇಲ್ಲ. ಯಾವ ಮಹಾನುಭಾವರ ಕೆಲಸ ಅಮ್ಮಾ ಇದು?"

"ನಂದೇ."

"ಹಂಗಾದ್ರೆ ಬಯ್ಯಲ್ಲ ಬಿಡಿ."

ನಾವು ಮಾತು ಬಿಟ್ಟ ಮೇಲೆ, ನೀನು ಕಲಿಸಿದಂತೆ ಕತ್ತರಿಸಬಾರದೆಂದೇ ಹಾಗೆ ಮಾಡುತ್ತಾ ಬಂದೆ. ಬುಡ ಬೋಳಾಗಿ, ಒಂದೆಡೆ ನಿನ್ನ ಕಡೆಯವರೆಗೂ ಸಂದು ಬಿತ್ತು. ಆಮೇಲೆ ಪ್ರತಿ ಬೆಳಿಗ್ಗೆ ಆ ಸಂದಿಯಲ್ಲಿ ನಿನ್ನ ಬೂಟುಗಳು ಕಾಣುತ್ತಿದ್ದವು. ಕೆಲವು ದಿನ ಅವು ಬಹಳ ಹೊತ್ತು ಅಲ್ಲೇ ನಿಲ್ಲುತ್ತಿದ್ದವು. ನಾನೂ ನಿಲ್ಲುತ್ತಿದ್ದೆ.

ಯೂ ಹಳೆಯ ಕಾಂಡದಿಂದಲೂ ಚಿಗುರುತ್ತದೆ. ನನ್ನ ಕಡೆಯನ್ನು ಕಾಂಡದವರೆಗೆ ಕಡಿದು ಗೊಬ್ಬರ ಹಾಕಿದರೆ ನಾಲ್ಕು ವರ್ಷದಲ್ಲಿ ಸಂದು ಮುಚ್ಚುತ್ತದಂತೆ. ಹಕ್ಕಿಗಳು ಗೂಡು ಕಟ್ಟುವ ಮೊದಲು, ಈ ವಾರವೇ ಆಗಬೇಕು.

ಕಡಿಸುವುದೆಂದು ತೀರ್ಮಾನಿಸಿದ್ದೇನೆ. ಟ್ರಾಂಟರ್‌ಗೆ ಇನ್ನೂ ಹೇಳಿಲ್ಲ.