ತೊಂಬತ್ತೊಂದು ಪರ್ಸೆಂಟ್ ಅಕ್ಕ

ಮಾರ್ಚ್ 3, ಸೋಮವಾರ

ಇವತ್ತು ಇನ್ನೂರ ಹನ್ನೆರಡು ಜೋಡಿ. ಕಣ್ಣುರಿ. ಎಡಕ್ಕೆ ಹಳೆಯ ಲೈಸೆನ್ಸಿನ ಫೋಟೊ, ಬಲಕ್ಕೆ ಈಗ ಆನ್‌ಲೈನಿನಲ್ಲಿ ಅರ್ಜಿ ಹಾಕಿದವರ ಸೆಲ್ಫಿ. ಸಾರಿಗೆ ಇಲಾಖೆಯ ಫೋಟೊಗಳನ್ನೆಲ್ಲ ಕಂಪ್ಯೂಟರ್ ಜಾಲಾಡುತ್ತದೆ. ಮುಖ ಒಂದೇ, ಹೆಸರು ಬೇರೆ ಎಂದು ಅನುಮಾನ ಬಂದದ್ದನ್ನು ನಮ್ಮತ್ತ ತಳ್ಳುತ್ತದೆ. ನೋಡಿ ಒತ್ತಬೇಕು — ‘ಒಬ್ಬರೇ’ ಅಥವಾ ‘ಬೇರೆ ಬೇರೆ’. ಒಂದು ಜೋಡಿಗೆ ಇಪ್ಪತ್ತು ಸೆಕೆಂಡು.

ಮಧ್ಯಾಹ್ನ ಅವಳಿ ಅಣ್ಣತಮ್ಮಂದಿರ ಜೋಡಿಯೊಂದು ಬಂತು. ಒಬ್ಬನೇ ಎರಡು ಹೆಸರಿಟ್ಟುಕೊಂಡ ಕಳ್ಳ ಎಂದು ಕಂಪ್ಯೂಟರ್ ಮಾಡಿಟ್ಟಿತ್ತು. ಪಕ್ಕದ ಮೇಜಿನವರು — ಸದಾ ಬಾಯಲ್ಲಿ ಲವಂಗ, ನಾನು ಕರೆಯುವುದೇ ಲವಂಗದವರು ಎಂದು — ನಕ್ಕುಬಿಟ್ಟರು. “ಹೆತ್ತ ತಾಯಿಗೇ ಗೊತ್ತಾಗಲ್ಲ, ಪಾಪ ಇದಕ್ಕೇನು ಗೊತ್ತಾಗುತ್ತೆ ಬಿಡಿ.”

ಅಮ್ಮನ ಕಣ್ಣಿನ ಡ್ರಾಪ್ಸ್ ಮರೆತೆ. ನಾಳೆ.

ಮಾರ್ಚ್ 4, ಮಂಗಳವಾರ. ಊಟದ ಬಿಡುವು, ಮೆಟ್ಟಿಲ ಮೇಲೆ

ಅಕ್ಕ.

ಸ್ಕ್ರೀನಿನ ಎಡಕ್ಕೆ ಅಕ್ಕ. ಮದುವೆಯಾದ ತಿಂಗಳಲ್ಲೇ ಮಾಡಿಸಿದ ಲೈಸೆನ್ಸು. ನನ್ನ ಹಸಿರು ದುಪಟ್ಟಾ ಹಾಕಿಕೊಂಡು ಹೋಗಿದ್ದಳು, ಫೋಟೊದಲ್ಲಿ ಅದೂ ಇದೆ. ಬಲಕ್ಕೆ ಒಬ್ಬ ಹೆಂಗಸು. ಕತ್ತರಿಸಿದ ಕೂದಲು, ಕೆನ್ನೆ ಒಳಕ್ಕೆ ಹೋಗಿದೆ, ಎಡಹುಬ್ಬನ್ನು ಸೀಳಿದ ಹಳೆಯ ಗಾಯ. ಬೇರೆ ಹೆಸರು. ಕೆಳಗೆ ಅಂಕಿ: 91%.

ಅಕ್ಕ ಹೋಗಿ ಒಂಬತ್ತು ವರ್ಷ. ಸೇತುವೆಯ ಮೇಲೆ ಚಪ್ಪಲಿ ಸಿಕ್ಕಿತ್ತು. ಹೊಳೆಯಲ್ಲಿ ನಾಲ್ಕು ದಿನ ಹುಡುಕಿದರು, ಏನೂ ಸಿಗಲಿಲ್ಲ. ನೀರು ಜೋರಿತ್ತು, ದೂರ ಹೋಗಿರಬೇಕು ಎಂದರು ಪೊಲೀಸರು. ನಂಬಿದೆವು.

ಹೋಲ್ಡ್ ಒತ್ತಿ ಎದ್ದು ಬಂದೆ. ನಲವತ್ತೆಂಟು ಗಂಟೆ ಇಟ್ಟುಕೊಳ್ಳಬಹುದು.

ಅದೇ ದಿನ, ಸಂಜೆ

ಲೆಕ್ಕ ಹಾಕಿದೆ. ನಮಗೆ ವಿಳಾಸ ಕಾಣುವುದಿಲ್ಲ, ಮುಖ, ಹೆಸರು, ಅರ್ಜಿಯ ಬಗೆ ಮಾತ್ರ. ‘ಒಬ್ಬರೇ’ ಎಂದು ಒತ್ತಿದರೆ ಫೈಲು ಪೂರ್ತಿ ತೆರೆಯುತ್ತದೆ — ಎಲ್ಲಿದ್ದಾಳೆ, ಯಾವ ಬೀದಿ, ಫೋನ್ ನಂಬರು, ಎಲ್ಲ. ಆದರೆ ಆ ಕ್ಷಣವೇ ನೋಟಿಸೂ ಹೋಗುತ್ತದೆ. ಪೊಲೀಸರಿಗೊಂದು. ಹೊಸ ವಿಳಾಸಕ್ಕೊಂದು. ಹಳೆಯ ವಿಳಾಸಕ್ಕೊಂದು.

ಹಳೆಯ ವಿಳಾಸ ಭಾವನ ಮನೆ.

‘ಬೇರೆ ಬೇರೆ’ ಎಂದರೆ ಜೋಡಿ ಸ್ಕ್ರೀನಿನಿಂದ ಮಾಯ. ಮತ್ತೆ ಕಾಣುವುದಿಲ್ಲ. ಫೋಟೊ ತೆಗೆದುಕೊಳ್ಳೋಣವೆಂದರೆ ಫೋನ್ ಹೊರಗೆ ಲಾಕರಿನಲ್ಲಿ.

ಅಮ್ಮನಿಗೆ ಡ್ರಾಪ್ಸ್ ಹಾಕುತ್ತಾ ಕೇಳಿದೆ, ಏನೋ ನೆನಪಾದವಳಂತೆ. “ಅಮ್ಮ, ಅಕ್ಕನ ಹುಬ್ಬಿನ ಮೇಲೆ ಗಾಯದ ಗುರುತಿತ್ತಾ?”

ಕಣ್ಣು ಮುಚ್ಚಿಕೊಂಡೇ ಇದ್ದಳು. “ಮದುವೆಗೆ ಮುಂಚೆ ಇರಲಿಲ್ಲ.”

ಮಾರ್ಚ್ 5, ಬುಧವಾರ

ಸೆಲ್ಫಿಯ ಜೊತೆ ಆರು ಸೆಕೆಂಡಿನ ವಿಡಿಯೊ ಇರುತ್ತದೆ, ಫೋಟೊದ ಫೋಟೊ ಅಲ್ಲ, ಜೀವಂತ ಮನುಷ್ಯರೇ ಎಂದು ಖಾತ್ರಿಗೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ. ಧ್ವನಿ ಇಲ್ಲ. ಹದಿನಾಲ್ಕು ಸಲ ನೋಡಿದೆ. ತಿರುಗುತ್ತಾಳೆ, ಮಿಟುಕಿಸುತ್ತಾಳೆ. ಕೊನೆಯಲ್ಲಿ ಪಕ್ಕದಲ್ಲಿ ಯಾರನ್ನೋ ನೋಡಿ ತುಟಿ ಅಲ್ಲಾಡಿಸುತ್ತಾಳೆ. ಎರಡಕ್ಷರ.

“ಸಾಕಾ?”

ಫೋಟೊ ತೆಗೆಯುವಾಗಲೆಲ್ಲ ಹಾಗೇ ಅನ್ನುತ್ತಿದ್ದಳು, ಅರ್ಧ ರೇಗಿ, ಅರ್ಧ ನಗುತ್ತ. ಅಥವಾ ನನಗೆ ಹಾಗೆ ಕಾಣುತ್ತಿದೆಯೋ. ಬೇಕು ಬೇಕೆಂದು ನೋಡಿದರೆ ಯಾರ ತುಟಿಯಾದರೂ ಅದನ್ನೇ ಹೇಳೀತು. ಒಂಬತ್ತು ಪರ್ಸೆಂಟ್ ಉಳಿದೇ ಇದೆ.

ಅರ್ಜಿ ಯಾವ ಗಾಡಿಗೆ ಎಂದು ಆಮೇಲೆ ಕಣ್ಣಿಗೆ ಬಿತ್ತು. ಬಸ್ಸು.

ಸ್ಕೂಟಿಯನ್ನೇ ಎರಡು ಸಲ ಗೋಡೆಗೆ ಗುದ್ದಿದವಳು!

ಬೆಳಗಿನಿಂದ ಟೀ ಕೂಡ ಇಳಿದಿಲ್ಲ. ಹತ್ತು ಜನ ಕೂತ ಹಾಲಿನಲ್ಲಿ, ಹಾಡುಹಗಲಲ್ಲೇ, ಬೆನ್ನ ಹಿಂದೆ ಯಾರೋ ನಿಂತು ನನ್ನ ಕೈಯನ್ನೇ ನೋಡುತ್ತಿರುವ ಹಾಗೆ. ಮೂರು ಸಲ ತಿರುಗಿ ನೋಡಿದೆ.

ಮಾರ್ಚ್ 6, ಗುರುವಾರ

ಬರೆದೇ ಬಿಡುತ್ತೇನೆ. ಇಲ್ಲಿ ಅಲ್ಲದೆ ಇನ್ನೆಲ್ಲಿ.

ಹೊಳೆಯ ಸುದ್ದಿಗೆ ಒಂದು ವಾರ ಮೊದಲು ಅಕ್ಕ ಮನೆಗೆ ಬಂದಿದ್ದಳು. ಹುಬ್ಬಿಗೆ ಬಟ್ಟೆ ಒತ್ತಿಕೊಂಡು. ಬಾಗಿಲು ತೆಗೆದದ್ದು ನಾನು. ಅಮ್ಮನನ್ನು ಎಬ್ಬಿಸಬೇಡ, ಎರಡು ದಿನ ಇದ್ದು ಹೋಗುತ್ತೇನೆ ಎಂದಳು. ಹಾಸಿಗೆ ಹಾಸಿಕೊಟ್ಟೆ. ಬೆಳಿಗ್ಗೆ ಭಾವನಿಗೆ ಫೋನ್ ಮಾಡಿದೆ. ‘ಇಲ್ಲೇ ಇದ್ದಾಳೆ, ಗಾಬರಿ ಆಗಬೇಡಿ, ಬಂದು ಕರ್ಕೊಂಡು ಹೋಗಿ.’ ಗಂಡ ಹೆಂಡಿರ ಜಗಳ, ಸರಿಹೋಗುತ್ತದೆ ಎಂದುಕೊಂಡೆ. ನನಗಾಗ ಇಪ್ಪತ್ತೆರಡು.

ಭಾವನ ಕಾರು ಹತ್ತುವಾಗ ಅಕ್ಕ ನನ್ನ ಕಡೆ ನೋಡಲಿಲ್ಲ.

ಅವಳಿರುವ ಜಾಗ ಒಮ್ಮೆ ಹೇಳಿಕೊಟ್ಟಿದ್ದೇನೆ.

11:20ಕ್ಕೆ ‘ಬೇರೆ ಬೇರೆ’ ಒತ್ತಿದೆ. ಕಾರಣ ಬರೆಯಿರಿ ಎಂದಿತು. ‘ಕಿವಿಯ ಆಕಾರ ಹೊಂದುವುದಿಲ್ಲ’ ಎಂದು ಬರೆದೆ. ಕಿವಿ ಥೇಟ್ ನನ್ನದರ ಹಾಗೇ ಇತ್ತು. ಜೋಡಿ ಹೋಯಿತು. ಆ ಜಾಗಕ್ಕೆ ಇಬ್ಬರು ಗಡ್ಡದವರು ಬಂದು ಕೂತರು.

ಮಾರ್ಚ್ 17, ಸೋಮವಾರ

ನಮ್ಮ ವಿಭಾಗದ ಮೇಲಿನ ಮೇಡಂ ಕರೆಸಿದರು. ತೊಂಬತ್ತು ದಾಟಿದ್ದನ್ನು ‘ಬೇರೆ’ ಅಂದರೆ ಎರಡನೆಯವರೊಬ್ಬರು ನೋಡಲೇಬೇಕಂತೆ, ಹೊಸ ನಿಯಮ. ಹಿಂದಿನ ತಿಂಗಳಿನಿಂದಲೇ ಲಾಗು. “ನಿಮ್ಮದೊಂದಿದೆ. ಪಕ್ಕದವರಿಗೆ ಕಳಿಸಿದೀನಿ.”

ಪಕ್ಕದವರು ಎಂದರೆ ಲವಂಗದವರು.

ಕುರ್ಚಿಗೆ ಬಂದು ಕೂತೆ. ಅವರ ಸ್ಕ್ರೀನಿನಲ್ಲಿ ಅಕ್ಕ ಆಗಲೇ ತಿರುಗುತ್ತಿದ್ದಳು. ಎಡಕ್ಕೆ, ಬಲಕ್ಕೆ. ಮತ್ತೆ ಕಂಡಳಲ್ಲ ಎಂದು ಸಂತೋಷ, ಇವರು ಗುರುತಿಸಿಬಿಟ್ಟರೆ ಎಂಬ ಭಯ, ಎರಡೂ ಒಟ್ಟಿಗೆ. ಅವರು ಸ್ಕ್ರೀನ್ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಸ್ಕ್ರೀನ್. ಇಪ್ಪತ್ತು ಸೆಕೆಂಡು ಎಂದೋ ಮುಗಿದಿತ್ತು.

ಮೆಲ್ಲಗೆ ಕೇಳಿದರು: “ಇವರು ನಿಮಗೆ ಏನಾಗಬೇಕಮ್ಮ?”

“ಏನೂ ಆಗಬೇಕಿಲ್ಲ ಸರ್.”

ಲವಂಗ ಅಗಿಯುವುದು ನಿಂತಿತ್ತು. “ಸರಿ ಹಾಗಾದ್ರೆ,” ಎಂದರು. “ಬೇರೆಯವರೇ ಇರಬೇಕು.”

ಒತ್ತಿದರು. ಆಮೇಲೆ ದಿನವಿಡೀ ನನ್ನ ಕಡೆ ತಿರುಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ‘ಏನೂ ಆಗಬೇಕಿಲ್ಲ’ — ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಮಾರ್ಚ್ 22, ಶನಿವಾರ

ಅಮ್ಮ ಬಿಡಲಿಲ್ಲ. ಹದಿನೈದು ದಿನದಿಂದ ನೋಡುತ್ತಿದ್ದಾಳಂತೆ. “ಹುಬ್ಬಿನ ವಿಷಯ ಯಾಕೆ ಕೇಳ್ದೆ? ಎಲ್ಲಿ ನೋಡಿದೆ ಅವಳನ್ನ? ಸುಳ್ಳು ಹೇಳಬೇಡ.”

ಹೇಳಿದೆ. ಎಲ್ಲ. ಆ ಬೆಳಗಿನ ಫೋನೂ ಸೇರಿ. ಹೊಡೆಯಲಿ, ಬೈಯಲಿ ಎಂದು ಕಾದೆ.

ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. “ನಾನು ಎದ್ದೇ ಇದ್ದೆ ಕಣೇ. ಅವಳು ಬಂದಿದ್ದೂ ಗೊತ್ತು. ನೀನು ಫೋನ್ ಮಾಡಿದ್ದೂ ಕೇಳಿಸ್ತು. ಸುಮ್ನೆ ಮಲಗಿದ್ದೆ.”

ಒಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರೂ. ಇಷ್ಟು ಹತ್ತಿರ.

ಆಮೇಲೆ ಅಮ್ಮ ಕೇಳಿದಳು, “ಯಾವ ಗಾಡಿಗೆ ಅಂದೆ?”

“ಬಸ್ಸು.”

“ಬಸ್ಸಾ?” ನಗು ಬಂತು ಅವಳಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು. ನಗುವುದು ಯಾವಾಗ ನಿಂತು ಇನ್ನೊಂದು ಯಾವಾಗ ಶುರುವಾಯಿತೋ ಗೊತ್ತಾಗಲಿಲ್ಲ.

ಮಾರ್ಚ್ 30, ಭಾನುವಾರ, ಬೆಳಿಗ್ಗೆ 8:10

ಅಮ್ಮ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎನ್ನುತ್ತಾಳೆ. ಎಲ್ಲಿಗೆ? “ಎಲ್ಲಿಗಾದ್ರೂ. ಹುಡುಕೋಕಲ್ಲ. ಸುಮ್ನೆ ಕೂತಿದ್ದು ಬರೋದು.” ಯಾವ ಊರೋ, ಯಾವ ರೂಟೋ. ಲೈಸೆನ್ಸು ಕೈಗೆ ಬಂತೋ ಇಲ್ಲವೋ. ಹೇಳಿದರೆ ಕೇಳುವವಳಲ್ಲ.

ಹೊರಡುವ ಮೊದಲು ಒಂದು ಮಾತು ಹೇಳಬೇಕು ಅವಳಿಗೆ. ಕಂಡರೂ ಓಡಬಾರದು. ಅಳಬಾರದು. ಜನರಿರುತ್ತಾರೆ. ಹಳೆಯ ಹೆಸರು ಹಿಡಿದಂತೂ ಕೂಗಲೇಬಾರದು. ಕೂಗಲೇಬೇಕು ಅನ್ನಿಸಿದರೆ, ಅಮ್ಮ, ಅವಳ ಹೆಸರು ಈಗ —